ಕಚ್ಚಾ ದಾರಿಗೆ ಒಪ್ಪುವ ಸೈಕಲ್ಲು

ಕೊಲ್ಲಾಪುರದಿಂದ ಇಚಲಕರಂಜಿಗೆ ಹೋಗುವ ಡಾಂಬರು ರಸ್ತೆಯಲ್ಲಿ ಸೈಕಲ್ಲು ತುಳಿಯುವವನಿಗೆ ತನ್ನ ಗಾಲಿಯ ನೆನಪೇ ಬಾರದು. 1904ರಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಕಂಡ ಆ ನೇಕಾರಿಕೆಯ ಊರಿನಲ್ಲಿ ಪಾಳಿಗೆ ಹೋಗುವವರು ತಲೆಮಾರುಗಳ ಕಾಲ ನೆಚ್ಚಿದ್ದು ಕರಿಯ ಬಣ್ಣದ ಎತ್ತರದ ಸೈಕಲ್ಲನ್ನೇ. ಆದರೆ ದಕ್ಷಿಣಕ್ಕೆ ಗಡಹಿಂಗ್ಲಜದತ್ತ ಬಂದು ಹಳ್ಳಿಯ ದಾರಿ ಹಿಡಿದೊಡನೆ ಮಾತು ಬೇರೆಯಾಗುತ್ತದೆ. ಹಿರಣ್ಯಕೇಶಿಯ ಆಸುಪಾಸಿನಲ್ಲಿಯೂ ಮೂಡಲಿಗೂ ಎರೆಮಣ್ಣು. ಪಡುವಲಿಗೆ ಆಜರೆಯ ಕಡೆ ಕೆಂಪು ಗರಸು. ನಡುನಡುವೆ ಕಬ್ಬಿನ ಗಾಡಿಗಳು ಕೊರೆದ ಆಳವಾದ ಜಾಡು.

ಈ ದಾರಿಗಳಲ್ಲಿಯೇ ನಮ್ಮ ಮಕ್ಕಳು ಶಾಲೆಗೆ ಹೋಗಬೇಕಾಗಿದೆ. ಏಳನೆಯ ಇಯತ್ತೆಯ ಬಳಿಕ ಕನ್ನಡದಲ್ಲಿಯೇ ಓದು ಮುಂದುವರಿಸಬೇಕೆಂದರೆ ಅನೇಕರಿಗೆ ಪರ ಊರಿನ ಪ್ರೌಢಶಾಲೆಯೇ ಗತಿ. ಕರ್ನಾಟಕ ಸರಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ ಆ ಯೋಜನೆಯು ರಾಜ್ಯದ ಗಡಿಯಲ್ಲಿಯೇ ನಿಂತಿತು. ಶಾಲೆ ತೆರೆಯುವುದು ಜೂನಿನಲ್ಲಿ, ಮಳೆ ಹಿಡಿಯುವುದೂ ಜೂನಿನಲ್ಲಿ. ಹೊಸ ಸೈಕಲ್ಲು ಮೊದಲ ತಿಂಗಳಲ್ಲಿಯೇ ಕೆಸರಿನಲ್ಲಿ ಹೂತು, ಮಗಳು ನೆನೆದು ಕತ್ತಲಾದ ಮೇಲೆ ಮನೆ ಸೇರಿದಳೆಂದರೆ "ಇನ್ನು ಸಾಕು ಬಿಡು" ಎಂಬ ಮಾತು ಹುಟ್ಟಲು ತಡವಾಗದು. ಗಂಡುಮಗನಿಗೆ ಬೇರೆ ಉಪಾಯ ಹುಡುಕುವ ಮನೆಯೇ ಹೆಣ್ಣುಮಗಳ ಓದನ್ನು ಅಲ್ಲಿಗೆ ನಿಲ್ಲಿಸಿದ್ದನ್ನು ನಾವು ಕಂಡಿದ್ದೇವೆ.

ಗಾಳಿ ತುಂಬಿದ ಟೈರು ರೂಪುಗೊಂಡಿದ್ದೂ ಒಂದು ಮಗುವಿಗಾಗಿಯೇ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಒರಟು ನೆಲದ ಮೇಲೆ ಕುಲುಕದಿರಲೆಂದು ಅದನ್ನು ಮಾಡಿ, 1888ರಲ್ಲಿ ಪೇಟೆಂಟ್ ಪಡೆದನು. ತತ್ತ್ವವು ಇಂದಿಗೂ ಅದೇ: ನೆಲ ಒರಟಾದಷ್ಟೂ ಟೈರು ಅಗಲವಾಗಿರಬೇಕು, ಗಾಳಿ ತುಸು ಕಡಿಮೆಯಿರಬೇಕು. ಹಳೆಯ ಮಾದರಿಯ 28 × 1½ ಇಂಚಿನ ಗಾಲಿ ದೊಡ್ಡದಾದ್ದರಿಂದ ಕಲ್ಲು ಕುಳಿಗಳನ್ನು ಸುಲಭವಾಗಿ ದಾಟುತ್ತದೆ. ಆದರೆ ಸಡಿಲವಾದ ಗರಸಿನಲ್ಲಿ ಜಾರುತ್ತದೆ. 26 × 1.95 ಇಂಚಿನ ಟೈರು ಗರಸನ್ನು ಹಿಡಿಯುತ್ತದೆ. ಆದರೆ ಒತ್ತಾದ ಗುಬುಟುಗಳಿದ್ದರೆ ಎರೆಮಣ್ಣನ್ನು ತುಂಬಿಕೊಳ್ಳುತ್ತದೆ, ಡಾಂಬರಿನ ಮೇಲೆ ಭಾರವಾಗುತ್ತದೆ. ಅರ್ಧ ಡಾಂಬರು, ಅರ್ಧ ಕಚ್ಚಾ ಆದ ದಾರಿಗೆ ನಡುವೆ ನುಣುಪು ಪಟ್ಟಿಯೂ ಅಂಚಿನಲ್ಲಿ ವಿರಳ ಗುಬುಟುಗಳೂ ಇರುವ, 1.75 ಇಂಚಿನ ಆಸುಪಾಸಿನ ಟೈರು ಲೇಸು. ಗಾಳಿ ತೀರ ಇಳಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಡೆಯುತ್ತದೆ. ಗಾಳಿಯ ಪ್ರಮಾಣವು ಟೈರಿನ ಪಕ್ಕದಲ್ಲಿ ಅಚ್ಚಾಗಿರುತ್ತದೆ.

ಟೈರು ಬದಲಿಸುವಾಗ ಅಳತೆಯ ಅಂಕಿಗಳನ್ನು ಪೂರ್ಣವಾಗಿ ಓದತಕ್ಕದ್ದು. ಎರಡೂ 26 ಇಂಚಿನವೆನಿಸಿದರೂ 26 × 1½ರ ರಿಮ್ಮು 584 ಮಿ.ಮೀ., 26 × 1.95ರದು 559 ಮಿ.ಮೀ.; ಒಂದರ ಟೈರು ಮತ್ತೊಂದಕ್ಕೆ ಕೂಡದು.

ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳು ಆಡುವಷ್ಟು ಎಡೆಯಿರಬೇಕು. ಎರೆಮಣ್ಣು ಗಾಲಿಯನ್ನು ಹಿಡಿದು ನಿಲ್ಲಿಸುವುದು ಅಲ್ಲಿಯೇ. ಗೇರುಗಳು ಏರಿಗೆ ಅನುಕೂಲವಾದರೂ ಕೆಸರು ಹೊಕ್ಕರೆ ಕೆಡುತ್ತವೆ. ಹಳ್ಳಿಯಲ್ಲಿ ರಿಪೇರಿಯಾಗುವುದನ್ನೇ ಆರಿಸುವುದು ವಿವೇಕ. ನೆನೆದ ರಿಮ್ಮಿನ ಮೇಲೆ ಬ್ರೇಕು ತಡವಾಗಿ ಹಿಡಿಯುವುದರಿಂದ ಮುಂಚಿತವಾಗಿ ಒತ್ತುವುದನ್ನು ಮಕ್ಕಳಿಗೆ ಕಲಿಸಬೇಕು. ನಾಲ್ಕು ವರ್ಷ ಬಾಳಲೆಂದು ಕಾಲು ನೆಲಕ್ಕೆ ಎಟುಕದ ಸೈಕಲ್ಲನ್ನು ಕೊಳ್ಳಲಾಗದು.

ಅಂಗಡಿಯ ನುಣುಪು ನೆಲದ ಮೇಲೆ ಎಲ್ಲ ಗಾಲಿಗಳೂ ಚೆನ್ನಾಗಿಯೇ ಉರುಳುತ್ತವೆ. ಪಾಲಕರು ಮೊದಲು ಶಾಲೆಯವರೆಗಿನ ದಾರಿಯನ್ನು ಮಗುವಿನೊಡನೆ ನಡೆದು ನೋಡಲಿ. ಜುಲೈ ತಿಂಗಳ ಕೆಸರಿಗೆ ಒಪ್ಪುವ ಸೈಕಲ್ಲನ್ನು ಕೊಡಿಸಿದರೆ ವರ್ಷದ ಉಳಿದ ತಿಂಗಳುಗಳನ್ನು ಅದು ತಾನಾಗಿ ದಾಟೀತು. ಮಗುವೂ ಶಾಲೆಯನ್ನು ಮುಟ್ಟೀತು.