ಬಾಗಿಲಲ್ಲೇ ಸುಂಕ ತೆರುವ ಅಂಗಡಿ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರಕ್ಕೆ ಹೋದವರು ಸಾಮಾನ್ಯವಾಗಿ ಮೂರನ್ನು ಕಂಡು ಬರುತ್ತಾರೆ: ೧೯೬೨ರ ಜಾಗತಿಕ ವಸ್ತುಪ್ರದರ್ಶನಕ್ಕಾಗಿ ಎತ್ತಿದ ‘ಸ್ಪೇಸ್ ನೀಡಲ್’ ಗೋಪುರ, ೧೯೦೭ರಿಂದ ನಡೆದುಬಂದಿರುವ ಪೈಕ್ ಪ್ಲೇಸ್ ಸಂತೆ, ಮತ್ತು ಮೋಡವಿಲ್ಲದ ದಿನಗಳಲ್ಲಿ ದಿಗಂತದಲ್ಲಿ ಬೆಳ್ಳಗೆ ಮೂಡಿ ನಿಲ್ಲುವ ರೇನಿಯರ್ ಪರ್ವತ. ಆದರೆ ಅಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು, ಊರಿನಿಂದ ಬಂದ ತಂದೆತಾಯಿಗಳನ್ನು ಮೊದಲ ವಾರದಲ್ಲಿಯೇ ಕರೆದೊಯ್ಯುವ ನಾಲ್ಕನೆಯ ಕ್ಷೇತ್ರವೊಂದಿದೆ. ಅದು ಪ್ರವಾಸಿಗಳ ಕೈಪಿಡಿಯಲ್ಲಿ ಸಿಗುವ ಸ್ಥಳವಲ್ಲ, ಅದೊಂದು ಅಂಗಡಿ. ಅದರ ಹೆಸರು ಕಾಸ್ಟ್‌ಕೋ.

ನಗರದ ಮಧ್ಯಭಾಗದಿಂದ ದಕ್ಷಿಣಕ್ಕೆ ಹೊರಟರೆ ಗಗನಚುಂಬಿಗಳು ಹಿಂದುಳಿದು, ರೈಲುಹಳಿಗಳೂ ಗೋದಾಮುಗಳೂ ಹಡಗುಕಟ್ಟೆಯ ಎತ್ತುಯಂತ್ರಗಳೂ ಕಾಣತೊಡಗುತ್ತವೆ. ಈ ಕಾರ್ಖಾನೆಗಳ ಕೇರಿಯಲ್ಲಿ, ‘ಫೋರ್ತ್ ಅವೆನ್ಯೂ ಸೌತ್’ ಎಂಬ ಬೀದಿಯಲ್ಲಿ, ೧೯೮೩ರ ಸೆಪ್ಟೆಂಬರ್ ೧೫ರಂದು ಜೇಮ್ಸ್ ಸಿನೆಗಲ್ ಮತ್ತು ಜೆಫ್ರಿ ಬ್ರಾಟ್‌ಮನ್ ಎಂಬ ಇಬ್ಬರು ತಮ್ಮ ಮೊದಲ ಮಳಿಗೆಯನ್ನು ತೆರೆದರು. ಹೊರಗಿನಿಂದ ಅದರಲ್ಲಿ ನೋಡತಕ್ಕದ್ದೇನೂ ಇಲ್ಲ. ಅಲಂಕಾರದ ಗಾಜಿನ ಕಿಟಕಿಗಳಿಲ್ಲ, ಬಣ್ಣದ ತೋರಣಗಳಿಲ್ಲ. ದೊಡ್ಡದೊಂದು ಪೆಟ್ಟಿಗೆಯನ್ನು ಬಯಲಿನಲ್ಲಿಟ್ಟು ಸುತ್ತಲೂ ಮೋಟಾರುಗಳನ್ನು ನಿಲ್ಲಿಸಿದಂತಿದೆ. ಬಾಗಿಲಲ್ಲಿ ಮಾತ್ರ ವಿಶೇಷವಿದೆ. ಅಲ್ಲಿ ಸದಸ್ಯತ್ವದ ಚೀಟಿ ತೋರಿಸಿದ ಹೊರತು ಒಳಗೆ ಪ್ರವೇಶವಿಲ್ಲ. ಸಾಮಾನು ಕೊಳ್ಳುವುದಕ್ಕೆ ಮೊದಲೇ, ಕೊಳ್ಳುವ ಹಕ್ಕಿಗಾಗಿ ಹಣ ತೆರಬೇಕು!

ಈ ವಿಚಿತ್ರ ಪದ್ಧತಿಯ ಮೂಲವನ್ನು ಹುಡುಕಿದರೆ ನಾವು ಸಿಯಾಟಲನ್ನು ಬಿಟ್ಟು ಅದೇ ಕರಾವಳಿಯ ದಕ್ಷಿಣ ತುದಿಯ ಸ್ಯಾನ್ ಡಿಯೆಗೋ ನಗರಕ್ಕೆ ಹೋಗಬೇಕಾಗುತ್ತದೆ. ಸಾಲ್ ಪ್ರೈಸ್ ಎಂಬ ವಕೀಲರು ೧೯೫೪ರಲ್ಲಿ ಅಲ್ಲಿ ‘ಫೆಡ್‌ಮಾರ್ಟ್’ ಎಂಬ ಅಂಗಡಿಯನ್ನು ಪ್ರಾರಂಭಿಸಿದರು. ಮೊದಮೊದಲು ಅದು ಸರ್ಕಾರಿ ನೌಕರರಿಗಾಗಿ ಇದ್ದ ಅಂಗಡಿ. ಮುಂದೆ ೧೯೭೬ರಲ್ಲಿ ಅವರೂ ಅವರ ಮಗ ರಾಬರ್ಟರೂ ಸೇರಿ, ಒಂದು ಕಾಲಕ್ಕೆ ಹೋವರ್ಡ್ ಹ್ಯೂಸ್ ಎಂಬ ಕೋಟ್ಯಧೀಶರಿಗೆ ಸೇರಿದ್ದ ವಿಮಾನದ ಕೊಟ್ಟಿಗೆಯೊಂದರಲ್ಲಿ ‘ಪ್ರೈಸ್ ಕ್ಲಬ್’ ಎಂಬ ಉಗ್ರಾಣವನ್ನು ತೆರೆದರು. ಸಣ್ಣ ವ್ಯಾಪಾರಿಗಳು ವರ್ಷಕ್ಕೆ ೨೫ ಡಾಲರು ಕೊಟ್ಟು ಸದಸ್ಯರಾಗಿ ಸಗಟು ಬೆಲೆಗೆ ಮಾಲು ಒಯ್ಯಬಹುದಾಗಿತ್ತು. ಸಂಸಾರಸ್ಥರಿಗೆ ಬಾಗಿಲು ತೆರೆದದ್ದು ತರುವಾಯ. ಸಿನೆಗಲ್ ಅವರು ವಿದ್ಯಾರ್ಥಿಯಾಗಿದ್ದಾಗ ಇದೇ ಪ್ರೈಸ್ ಅವರ ಫೆಡ್‌ಮಾರ್ಟಿನಲ್ಲಿ ಹಾಸಿಗೆಗಳನ್ನು ಇಳಿಸುವ ಕೆಲಸಕ್ಕೆ ಸೇರಿದವರು. ಗುರುಶಿಷ್ಯರ ಎರಡು ಸಂಸ್ಥೆಗಳೂ ೧೯೯೩ರಲ್ಲಿ ಒಂದಾದವು.

ಹಣ ಕೊಟ್ಟು ಒಳಗೆ ಹೋಗುವುದೇಕೆ ಎಂದು ವಾಚಕರು ಕೇಳಬಹುದು. ಉತ್ತರ ಅಂಗಡಿಯ ಲೆಕ್ಕಪುಸ್ತಕದಲ್ಲಿದೆ. ಸಾಮಾನ್ಯ ಸೂಪರ್ ಮಾರುಕಟ್ಟೆಯೊಂದು ಸುಮಾರು ೩೦,೦೦೦ ಬಗೆಯ ಪದಾರ್ಥಗಳನ್ನು ಇಟ್ಟುಕೊಂಡರೆ, ಇಲ್ಲಿರುವುದು ಸುಮಾರು ೪,೦೦೦ ಮಾತ್ರ. ಬಗೆ ಕಡಮೆಯಾದಷ್ಟೂ ಒಂದೊಂದನ್ನು ರಾಶಿರಾಶಿಯಾಗಿ ಕೊಳ್ಳಬಹುದು. ರಾಶಿ ದೊಡ್ಡದಾದಷ್ಟೂ ತಯಾರಕರೊಡನೆ ಚೌಕಾಸಿ ಸುಲಭ. ಕೊಂಡ ಬೆಲೆಯ ಮೇಲೆ ಬಹುಮಟ್ಟಿಗೆ ನೂರಕ್ಕೆ ೧೪–೧೫ಕ್ಕಿಂತ ಹೆಚ್ಚು ಏರಿಸಬಾರದೆಂಬುದು ಸಂಸ್ಥೆಯ ಕಟ್ಟಳೆ. ಹಾಗಾದರೆ ಲಾಭ ಎಲ್ಲಿಂದ? ಬಾಗಿಲಿನ ಸುಂಕದಿಂದ. ೨೦೨೪ರ ಆರ್ಥಿಕ ವರ್ಷದಲ್ಲಿ ಸಂಸ್ಥೆಯ ನಿವ್ವಳ ಲಾಭ ಸುಮಾರು ೭೩೭ ಕೋಟಿ ಡಾಲರು. ಅದೇ ವರ್ಷ ಸದಸ್ಯರ ವಂತಿಗೆಯಿಂದ ಬಂದದ್ದು ಸುಮಾರು ೪೮೦ ಕೋಟಿ. ಅಂಗಡಿಯವನು ಮಾರುತ್ತಿರುವ ಮುಖ್ಯ ಪದಾರ್ಥ ಅಕ್ಕಿಯೂ ಅಲ್ಲ, ಬಾದಾಮಿಯೂ ಅಲ್ಲ; ಆ ಚೀಟಿಯೇ ಎಂದರೆ ತಪ್ಪಾಗಲಾರದು.

ಒಳಗೆ ಕಾಲಿಟ್ಟವರಿಗೆ ಮೊದಲು ಆಗುವುದು ದಿಗ್ಭ್ರಮೆ. ಈ ಸಂಸ್ಥೆಯ ಮಳಿಗೆಗಳು ಸರಾಸರಿ ಮೂರು ಎಕರೆಗೂ ಮಿಗಿಲಾದ ವಿಸ್ತಾರವುಳ್ಳವು. ಸೂರಿನವರೆಗೆ ಉಕ್ಕಿನ ಅಟ್ಟಣೆಗಳು, ಅವುಗಳ ಮೇಲೆ ಬಂದ ಹಲಗೆಯ ಸಹಿತ ಇಳಿಸಿದ ಮೂಟೆಗಳು. ಯಾವ ಓಣಿಯಲ್ಲಿ ಏನಿದೆಯೆಂದು ತಿಳಿಸುವ ಫಲಕಗಳಿಲ್ಲ. ಹಾಲು ಹುಡುಕಲು ಹೋದವರು ದೂರದರ್ಶನ ಯಂತ್ರವನ್ನೂ, ಚಳಿಗಾಲದ ಕೋಟನ್ನೂ, ವಜ್ರದ ಉಂಗುರವನ್ನೂ ನೋಡಿಕೊಂಡೇ ಹೋಗಬೇಕು. ತಳ್ಳುಗಾಡಿಯೋ, ನಮ್ಮಲ್ಲಿ ಇಬ್ಬರು ಮಕ್ಕಳನ್ನು ಕೂಡಿಸಿ ಮಿಕ್ಕ ಜಾಗದಲ್ಲಿ ಅರ್ಧ ಮೂಟೆ ಅಕ್ಕಿ ಇಡುವಷ್ಟು ದೊಡ್ಡದು. ಹಣ ಕೊಟ್ಟು ಹೊರಡುವಾಗ ಚೀಲ ಕೊಡುವುದಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಆರಿಸಿಕೊಳ್ಳಬೇಕು. ಬಾಗಿಲಲ್ಲಿ ಇನ್ನೊಬ್ಬ ನೌಕರ ರಸೀತಿಯನ್ನೂ ಗಾಡಿಯನ್ನೂ ನೋಡಿ ಗೆರೆ ಎಳೆದು ಬಿಡುತ್ತಾನೆ. ಪಕ್ಕದಲ್ಲೇ ಉಪಾಹಾರದ ಕಟ್ಟೆ: ಅಲ್ಲಿ ಮಾಂಸದ ‘ಹಾಟ್ ಡಾಗ್’ ಮತ್ತು ಪಾನೀಯ ಸೇರಿ ಬೆಲೆ ಒಂದೂವರೆ ಡಾಲರು. ಎಂಬತ್ತರ ದಶಕದ ಮಧ್ಯದಿಂದ ಈ ಬೆಲೆ ಕದಲಿಲ್ಲವೆಂಬುದು ಅಲ್ಲಿನವರ ಹೆಮ್ಮೆಯ ಮಾತು.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಈ ಸುಂಕ ತೆರುವುದು ಸಂಸಾರಸ್ಥರಿಗೆ ಲಾಭವೇ?

೨೦೨೪ರ ಸೆಪ್ಟೆಂಬರ್ ೧ರಂದು ಸಾಮಾನ್ಯ ಸದಸ್ಯತ್ವದ ದರವನ್ನು ೬೦ರಿಂದ ೬೫ ಡಾಲರಿಗೂ, ಮೇಲಿನ ದರ್ಜೆಯದನ್ನು ೧೨೦ರಿಂದ ೧೩೦ ಡಾಲರಿಗೂ ಏರಿಸಿದರು. ಹೊರಗೆ ೧೦೦ ಡಾಲರು ಬೀಳುವ ಸಾಮಾನು ಇಲ್ಲಿ ೮೦ಕ್ಕೆ ಸಿಗುವುದಾದರೆ, ವರ್ಷದಲ್ಲಿ ಹೊರಗಿನ ಬೆಲೆಯ ೩೨೫ ಡಾಲರಿನಷ್ಟು ಸಾಮಾನು ಒಯ್ದ ಕೂಡಲೆ ಸುಂಕ ತೀರಿತು, ಆಮೇಲಿನದು ಉಳಿತಾಯ. ಉಳಿತಾಯ ನೂರಕ್ಕೆ ಹತ್ತೇ ಆದರೆ ೬೫೦ ಡಾಲರಿನಷ್ಟು ಕೊಳ್ಳಬೇಕು. ಮೇಲಿನ ದರ್ಜೆಯವರಿಗೆ ಖರೀದಿಯಲ್ಲಿ ನೂರಕ್ಕೆ ಎರಡು ಹಿಂದಿರುಗಿ ಬರುತ್ತದೆ. ಹೆಚ್ಚಿಗೆ ಕೊಟ್ಟ ೬೫ ಡಾಲರು ಅದರಿಂದ ಹುಟ್ಟಬೇಕಾದರೆ ವರ್ಷಕ್ಕೆ ೩,೨೫೦ ಡಾಲರು, ಎಂದರೆ ತಿಂಗಳಿಗೆ ಸುಮಾರು ೨೭೧ ಡಾಲರಿನ ವ್ಯಾಪಾರ ನಡೆಯಬೇಕು; ಪೆಟ್ರೋಲಿನ ಖರ್ಚು ಈ ಲೆಕ್ಕಕ್ಕೆ ಸೇರದು. ಹಾಗೆಂದು ಪೆಟ್ರೋಲನ್ನು ಮರೆಯುವಂತಿಲ್ಲ. ಗ್ಯಾಲನ್ನಿಗೆ ಕಾಲು ಡಾಲರು ಅಗ್ಗವಾಗಿ ಸಿಕ್ಕರೆ ೨೬೦ ಗ್ಯಾಲನ್ನಿನಲ್ಲಿ ಸಾಮಾನ್ಯ ಸುಂಕ ಪೂರ್ತಿ ಹುಟ್ಟುತ್ತದೆ.

ಆದರೆ ಕಾಗದದ ಮೇಲಿನ ಲೆಕ್ಕಕ್ಕೂ ಅಡುಗೆಮನೆಯ ಲೆಕ್ಕಕ್ಕೂ ಅಂತರವಿದೆ. ನೂರರ ಸೊಪ್ಪು–ತರಕಾರಿಯನ್ನು ಎಂಬತ್ತಕ್ಕೆ ತಂದು, ಅದರಲ್ಲಿ ಕಾಲುಭಾಗ ಕೊಳೆತು ಹೋದರೆ, ನಾವು ಉಂಡದ್ದು ಎಪ್ಪತ್ತೈದರದು, ತೆತ್ತದ್ದು ಎಂಬತ್ತು. ಅಗ್ಗವಾಗಿ ತಂದೂ ಐದು ನಷ್ಟ!

ಸಿಯಾಟಲಿನಿಂದ ಸರೋವರದಾಚೆಗಿರುವ ಬೆಲ್‌ವ್ಯೂ ಪಟ್ಟಣದಲ್ಲಿ ನಮಗೆ ಆತಿಥ್ಯ ನೀಡಿದ ಹಾಸನ ಜಿಲ್ಲೆಯ ದಂಪತಿಗಳ ಮನೆಯಲ್ಲಿ ಇದೇ ಚರ್ಚೆ ನಡೆದಿತ್ತು. ಮೇಲಿನ ದರ್ಜೆಯ ಚೀಟಿಯನ್ನು ನವೀಕರಿಸುವ ತಿಂಗಳು ಸಮೀಪಿಸಿತ್ತು. ಮಕ್ಕಳಿಬ್ಬರೂ ಮನೆಯಲ್ಲಿದ್ದಾಗ ತಿಂಗಳಿಗೆ ೫೦೦ ಡಾಲರು ಅಲ್ಲಿ ಖರ್ಚಾಗುತ್ತಿತ್ತು. ವರ್ಷಕ್ಕೆ ೧೨೦ ಡಾಲರು ಹಿಂದಿರುಗುತ್ತಿತ್ತು. ಈಗ ಮಗಳು ಬಾಸ್ಟನ್ನಿನಲ್ಲಿ, ಮಗ ಟೆಕ್ಸಾಸಿನಲ್ಲಿ. ಖರ್ಚು ೧೨೦ಕ್ಕೆ ಇಳಿದಿದೆ. ಹಿಂದಿರುಗುವುದು ವರ್ಷಕ್ಕೆ ೨೯ ಡಾಲರೂ ಇಲ್ಲ. ಯಜಮಾನರು ಚೀಟಿಯೇ ಬೇಡವೆಂದರು. ಗೃಹಿಣಿ ಬೇಕೆಂದರು. ಮಾತಿಗೆ ಮಾತು ಬೆಳೆಸದೆ ಆಕೆ ಮೂರು ತಿಂಗಳ ಕಾಲ ಒಂದು ಪುಸ್ತಕದಲ್ಲಿ ತಂದದ್ದನ್ನೂ ಎಸೆದದ್ದನ್ನೂ ಬರೆದಿಟ್ಟಿದ್ದರು. ತಂದದ್ದರಲ್ಲಿ ಉಳಿದ ಹಣ ೯೦ ಡಾಲರು. ಎಸೆದದ್ದರ ಬೆಲೆ ೭೦. ವರ್ಷಕ್ಕೆ ಲೆಕ್ಕ ಹಾಕಿದರೆ ಉಳಿತಾಯ ೮೦ ಡಾಲರು. ಸಾಮಾನ್ಯ ಸುಂಕವನ್ನು ಕಳೆದರೂ ಕೈಯಲ್ಲಿ ನಿಲ್ಲುವುದು ೧೫. ಎಸೆದ ಪಟ್ಟಿಯನ್ನು ಆಕೆ ನಮಗೆ ತೋರಿಸಿದರು: ಪಾಲಕ್ ಸೊಪ್ಪು, ರೊಟ್ಟಿ, ಸ್ಟ್ರಾಬೆರಿ, ಎರಡನೆಯ ಗ್ಯಾಲನ್ ಹಾಲು. ಎಲ್ಲವೂ ಮಕ್ಕಳು ತಿನ್ನುತ್ತಿದ್ದ ಪದಾರ್ಥಗಳೇ. “ಗಾಡಿ ತುಂಬದೆ ಹೊರಗೆ ಬರುವುದಕ್ಕೆ ಮನಸ್ಸೇ ಬರುತ್ತಿರಲಿಲ್ಲ” ಎಂದು ಆಕೆ ಮೆಲ್ಲನೆ ಹೇಳಿದಾಗ ಯಜಮಾನರು ಮರುಮಾತಾಡಲಿಲ್ಲ. ಕೊನೆಗೆ ಮೇಲಿನ ದರ್ಜೆಯನ್ನು ಬಿಟ್ಟು ಸಾಮಾನ್ಯ ಚೀಟಿಯನ್ನು ಉಳಿಸಿಕೊಳ್ಳುವುದೆಂದೂ, ಎಣ್ಣೆ, ತುಪ್ಪ, ಬಾದಾಮಿ, ಸಾಬೂನು, ಪೆಟ್ರೋಲು ಇವಿಷ್ಟನ್ನೇ ಅಲ್ಲಿ ಕೊಳ್ಳುವುದೆಂದೂ, ಹಾಲು–ಸೊಪ್ಪುಗಳನ್ನು ಬೀದಿ ಕೊನೆಯ ಅಂಗಡಿಯಲ್ಲಿ ಆಯಾ ದಿನಕ್ಕೆ ತರುವುದೆಂದೂ ತೀರ್ಮಾನವಾಯಿತು. ತೊಗರಿಬೇಳೆ, ರಾಗಿಹಿಟ್ಟುಗಳಿಗೆ ಹೇಗೂ ಭಾರತೀಯರ ಅಂಗಡಿಯೇ ಗತಿ.

ಒಟ್ಟಾಗಿ ಕೊಂಡು ಕೂಡಿಡುವ ವಿದ್ಯೆ ನಮಗೆ ಹೊಸದಲ್ಲ. ಸುಗ್ಗಿಯ ಕಾಲದಲ್ಲಿ ಅಕ್ಕಿ, ಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿಗಳನ್ನು ವರ್ಷಕ್ಕಾಗುವಷ್ಟು ತಂದು, ಬಿಸಿಲಿಗೆ ಹಾಕಿ, ಕಣಜ–ಗುಡಾಣಗಳಲ್ಲಿ ತುಂಬಿಡುತ್ತಿದ್ದ ನಮ್ಮ ಅಜ್ಜಿಯಂದಿರು ಸೊಪ್ಪನ್ನು ಮಾತ್ರ ಎಂದೂ ಅಟ್ಟಕ್ಕೇರಿಸಲಿಲ್ಲ. ಕೆಡದ್ದನ್ನು ರಾಶಿಯಾಗಿ, ಕೆಡುವುದನ್ನು ಹಿಡಿಯಾಗಿ ಎಂಬ ವಿವೇಕ ಅವರಿಗಿತ್ತು. ಭಾರತದಲ್ಲಿ ಕಾಸ್ಟ್‌ಕೋ ಮಳಿಗೆಗಳಿಲ್ಲ. ೨೦೦೩ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ‘ಮೆಟ್ರೋ’ ಸಗಟು ಉಗ್ರಾಣಗಳಲ್ಲಿಯೂ ಚೀಟಿಯ ಪದ್ಧತಿಯಿತ್ತು. ಆದರೆ ಅದು ವ್ಯಾಪಾರಿಗಳಿಗೂ ಹೋಟೆಲಿನವರಿಗೂ ಮೀಸಲು. ೨೦೨೩ರಲ್ಲಿ ಆ ವ್ಯವಹಾರವನ್ನು ರಿಲಯನ್ಸ್ ಸಂಸ್ಥೆ ಕೊಂಡುಕೊಂಡಿತು.

ಆದುದರಿಂದ ಮಕ್ಕಳೊಡನೆ ಅಮೆರಿಕದಲ್ಲಿ ಕೆಲಕಾಲ ಇರಲು ಹೋಗುವವರಿಗೂ, ಅಲ್ಲಿ ಹೊಸದಾಗಿ ಸಂಸಾರ ಹೂಡುವವರಿಗೂ ಒಂದೆರಡು ಮಾತು. ಸದಸ್ಯರೊಬ್ಬರು ತಮ್ಮೊಡನೆ ಇಬ್ಬರು ಅತಿಥಿಗಳನ್ನು ಕರೆದೊಯ್ಯಬಹುದು. ಹಣ ಮಾತ್ರ ಸದಸ್ಯರೇ ಕೊಡಬೇಕು. ಮೊದಲು ಹಾಗೆ ಹೋಗಿ, ನಿಮ್ಮ ಮನೆಯಲ್ಲಿ ನಿಜವಾಗಿ ಖರ್ಚಾಗುವ ಹತ್ತು ಪದಾರ್ಥಗಳ ಬೆಲೆಯನ್ನು, ಪೌಂಡಿಗೆ ಇಷ್ಟೆಂದು ಬರೆದುಕೊಂಡು ಬನ್ನಿ. ಒಂದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ ಬೇರೆ ಹಣವಿಲ್ಲದೆ ಎರಡನೆಯ ಚೀಟಿ ಸಿಗುತ್ತದೆ. ಸದಸ್ಯತ್ವ ತೃಪ್ತಿ ತಾರದಿದ್ದರೆ ಸುಂಕವನ್ನು ಪೂರ್ತಿಯಾಗಿ ಹಿಂದಿರುಗಿಸುವುದಾಗಿ ಸಂಸ್ಥೆಯೇ ಮಾತು ಕೊಟ್ಟಿದೆ. ಐದಾರು ಜನರ ಮನೆ, ಸ್ವಂತ ಮೋಟಾರು, ಸಾಮಾನಿಡಲು ಸ್ಥಳ, ಇವು ಮೂರೂ ಇದ್ದರೆ ಸಂದೇಹಪಡಬೇಕಾಗಿಲ್ಲ. ಒಂಟಿಯಾಗಿರುವವರೂ, ಎರಡು ಕೋಣೆಯ ಬಿಡಾರದವರೂ ಒಂದು ತಿಂಗಳು ಎಸೆದದ್ದರ ಪಟ್ಟಿಯನ್ನು ಬರೆದಿಟ್ಟು ಆಮೇಲೆ ತೀರ್ಮಾನಿಸುವುದು ಮೇಲು. ಅಂಗಡಿಯ ತಳ್ಳುಗಾಡಿಯನ್ನು ನೋಡಿ ಕೊಳ್ಳುವವರಿಗೆ ಯಾವ ಚೀಟಿಯೂ ದುಬಾರಿ. ಮನೆಯ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕುತ್ತೇವೆಂದು ಎಣಿಸಿ ಕೊಳ್ಳುವವರಿಗೆ ಅರವತ್ತೈದು ಡಾಲರು ಹೆಚ್ಚಲ್ಲ.