ಚಪ್ಪಾಳೆಗೆ ಮೊದಲು

ಕಳೆದ ತಿಂಗಳು ನಮ್ಮ ಸಂಘದ ಯುವ ವಿಭಾಗದವರು ಏರ್ಪಡಿಸಿದ್ದ ಭಾಷಣ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಕರೆದಿದ್ದರು. ವಿಷಯ, 'ನಮ್ಮ ಮುಂಬಯಿ: ಅಂದು, ಇಂದು'. ಬಹುಮಾನ ಹಂಚಿ, ಉಪ್ಪಿಟ್ಟು-ಕಾಫಿ ಮುಗಿಸಿ, ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಕಾಲೇಜು ಓದುವ ಹುಡುಗಿಯೊಬ್ಬಳು ಎದುರು ಬಂದು ನಿಂತಳು. "ಅಂಕಲ್, ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ನನ್ನ ಭಾಷಣಕ್ಕೆ. ಮೊದಲ ಬಹುಮಾನ ಯಾಕೆ ಕೊಡಲಿಲ್ಲ?" ಎಂದು ನೇರವಾಗಿ ಕೇಳಿದಳು. ನಾನು ಸಮಯದ ಮಿತಿ, ಉಚ್ಚಾರ ಎಂದೇನೋ ಹೇಳಿ ಜಾರಿಕೊಂಡೆ. ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ ನನ್ನ ಉತ್ತರಕ್ಕೆ ನನಗೇ ನಾಚಿಕೆಯಾಯಿತು. ಸರಿಯಾದ ಉತ್ತರ ಕೊಡಬೇಕಿದ್ದರೆ ಇಷ್ಟು ವರ್ಷ ಯಾರಿಗೂ ಹೇಳದ ಒಂದು ಸಂಗತಿಯಿಂದ ಆರಂಭಿಸಬೇಕಾಗಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

1960ರ ದಶಕದ ಕೊನೆಯ ಮಾತು. ಅಪ್ಪಯ್ಯ ಕುಂದಾಪುರ ಕಡೆಯಿಂದ ಬಂದವರು. ಉಡುಪಿ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ತೊಡಗಿ, ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಗಲ್ಲಾದ ಮೇಲೆ ಕೂರುವ ತನಕ ಬಂದಿದ್ದರು. ನಾವಿದ್ದದ್ದು ಚಾಳಿನ ಒಂದು ಕೋಣೆಯಲ್ಲಿ. ಒಳಗೆ ಕನ್ನಡ, ಹೊರಗೆ ಮರಾಠಿ. ನನಗಾಗ ಹನ್ನೊಂದು ವರ್ಷ. ಒಂದು ಸಂಜೆ ಚಾಳಿನ ಹುಡುಗರೊಂದಿಗೆ ಹತ್ತಿರದ ಮೈದಾನಕ್ಕೆ ಭಾಷಣ ಕೇಳಲು ಹೋದೆ. ಭಾಷಣ ಮಾಡಿದವರ ಹೆಸರು, ಪಕ್ಷ ಇಲ್ಲಿ ಬೇಡ. ಆ ಕಾಲದಲ್ಲಿ ಅಂಥ ಭಾಷಣಗಳು ಈ ನಗರದಲ್ಲಿ ಹಲವು ನಡೆದವು.

ನಾವು ಹೋದಾಗ ವೇದಿಕೆ ಖಾಲಿಯಾಗಿತ್ತು. ಡೋಲು ಬಡಿಯುತ್ತಿತ್ತು. ಒಂದು ಗಂಟೆ ಕಾದೆವು. ಹಾಗೆ ಕಾಯಿಸುವುದೂ ಭಾಷಣದ ಒಂದು ಭಾಗವೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಕತ್ತಲಾದ ಬಳಿಕ ವೇದಿಕೆಯ ಮೇಲೆ ಮಾತ್ರ ದೀಪ ಬೆಳಗಿತು. ಕೆಳಗೆ ಯಾರ ಮುಖ ಯಾರಿಗೂ ಕಾಣದು. ಸಾವಿರಾರು ಜನ ಒಂದೇ ಜನವಾಗಿಬಿಟ್ಟರು. ಬಂದವರು ಮೊದಲು ಬೈಯಲಿಲ್ಲ, ನಗಿಸಿದರು. ದಕ್ಷಿಣದವರು ಮರಾಠಿ ಮಾತಾಡುವ ಬಗೆಯನ್ನು ಅಣಕಿಸಿದರು. ನಕ್ಕು ಸಡಿಲವಾದ ಮನಸ್ಸಿಗೆ ಆಮೇಲೆ ಪ್ರಶ್ನೆಗಳು ಬಂದವು. ಆಫೀಸಿನ ಕುರ್ಚಿ ಯಾರ ಪಾಲಾಯಿತು? ಹೋಟೆಲಿನ ಗಲ್ಲಾದ ಮೇಲೆ ಕೂತವನು ಯಾರು? ಉತ್ತರವನ್ನು ಅವರು ಹೇಳಲೇ ಇಲ್ಲ. ಜನರೇ ಕೂಗಿದರು. ತಾನೇ ಕೂಗಿದ ಉತ್ತರವನ್ನು ಮನುಷ್ಯ ತನ್ನ ಸ್ವಂತ ಅಭಿಪ್ರಾಯವೆಂದೇ ತಿಳಿಯುತ್ತಾನೆ. ಕೊನೆಗೆ ಲುಂಗಿಯ ಮೇಲೆ ಪ್ರಾಸ ಕಟ್ಟಿದ ಒಂದು ಘೋಷಣೆ. ಬಾಯಿಗೆ ಕಡಲೆಕಾಳಿನಂತೆ ಸಿಕ್ಕುವ ಘೋಷಣೆ. ನಾನೂ ಕೂಗಿದೆ. ತಟ್ಟಿ ತಟ್ಟಿ ಅಂಗೈ ಕೆಂಪಾಯಿತು.

ಮನೆಗೆ ಬಂದಾಗ ಅಪ್ಪಯ್ಯ ಲುಂಗಿ ಉಟ್ಟು ಊಟಕ್ಕೆ ಕೂತಿದ್ದರು. "ಎಂತ ಹೇಳಿದ್ರು ಅಲ್ಲಿ?" ಎಂದು ಕೇಳಿದರು. "ಎಂತದೂ ಇಲ್ಲ" ಎಂದೆ. ಗಲ್ಲಾದ ಮೇಲೆ ಕೂತವನು ಯಾರೆಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ.

ವಾರದೊಳಗೆ ಅವರ ಹೋಟೆಲಿನ ಗಾಜಿಗೆ ಕಲ್ಲು ಬಿತ್ತು. ಒಡೆದ ಗಾಜನ್ನು ಬಳಿದು ಎತ್ತುವಾಗ ಅಂಗೈ ಕೊಯ್ದುಕೊಂಡು ಬಂದರು. ಅರಿಶಿನ ಒತ್ತಿ ಬಟ್ಟೆ ಕಟ್ಟಿದವರು ಪಕ್ಕದ ಕೋಣೆಯ ಮರಾಠಿ ಕಾಕು. ಮುಂದಿನ ಕೆಲವು ದಿನ ಅವರ ಯಜಮಾನರೇ ಅಪ್ಪಯ್ಯನನ್ನು ಹೋಟೆಲಿನವರೆಗೆ ಬಿಟ್ಟು ಬಂದರು. ಅವರೂ ಆ ಸಂಜೆ ಮೈದಾನದಲ್ಲಿದ್ದವರೇ. ಕಲ್ಲು ಎಸೆದವರ ಭಾಷೆ ಮರಾಠಿ, ಗಾಯ ಕಟ್ಟಿದವರ ಭಾಷೆಯೂ ಮರಾಠಿ ಎಂಬುದನ್ನು ನಾನು ಮರೆತಿಲ್ಲ. ಚಪ್ಪಾಳೆ ತಟ್ಟಿದ ಸಂಗತಿಯನ್ನು ಮಾತ್ರ ಅಪ್ಪಯ್ಯ ತೀರಿಕೊಳ್ಳುವ ತನಕ ಅವರಿಗೆ ಹೇಳಲಾಗಲಿಲ್ಲ.

ಅಂದಿನಿಂದ ಭಾಷಣವೆಂದರೆ ನನಗೆ ಭಯ, ಅದರ ಜೊತೆಗೇ ಕುತೂಹಲ. ಕಾಲೇಜಿಗೆ ಹೋಗುತ್ತಿದ್ದಾಗ ಗಾಮದೇವಿಯ ಮಣಿಭವನದ ಗ್ರಂಥಾಲಯದಲ್ಲಿ ಕುಳಿತು ಒಂದು ಭಾಷಣವನ್ನು ಓದಿದೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ, ಅಂದರೆ ಇಂದಿನ ಆಗಸ್ಟ್ ಕ್ರಾಂತಿ ಮೈದಾನದಲ್ಲಿ, 1942ರ ಆಗಸ್ಟ್ 8ರ ರಾತ್ರಿ ಗಾಂಧೀಜಿ ಮಾಡಿದ ಭಾಷಣ ಅದು. ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ. 'ಭಾರತ ಬಿಟ್ಟು ತೊಲಗಿ' ನಿರ್ಣಯ ಆಗಷ್ಟೇ ಅಂಗೀಕಾರವಾಗಿತ್ತು. ಮೊದಲು ಹಿಂದೂಸ್ತಾನಿಯಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಮಾತಾಡಿದರು.

ಓದುತ್ತ ಹೋದಂತೆ ಒಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ನನ್ನ ಬಾಲ್ಯದ ಮೈದಾನದಲ್ಲಿ ಕಂಡ ಸಾಧನಗಳೆಲ್ಲ ಇಲ್ಲಿಯೂ ಇದ್ದವು! ರಾತ್ರಿಯ ಹೊತ್ತು, ತುಂಬಿದ ಮೈದಾನ, ಧ್ವನಿವರ್ಧಕ. ಮನಸ್ಸಿನಲ್ಲಿ ಅಚ್ಚೊತ್ತುವ ವೇಷವೂ ಇತ್ತು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಉಟ್ಟ ತುಂಡು ಪಂಚೆಯನ್ನು ಗಾಂಧೀಜಿ ಮತ್ತೆ ಬಿಡಲಿಲ್ಲ. ಬಾಯಿ ತೆರೆಯುವ ಮೊದಲೇ ಆ ಬಟ್ಟೆ, 'ನಾನು ನಿಮ್ಮಲ್ಲಿ ಅತಿ ಬಡವನ ಕಡೆಯವನು' ಎಂದು ಹೇಳಿಬಿಡುತ್ತಿತ್ತು. ಪ್ರಾಸದ ಘೋಷಣೆಯೂ ಇತ್ತು: 'ಕರೇಂಗೆ ಯಾ ಮರೇಂಗೆ'. ಅದನ್ನು ಅವರು ಘೋಷಣೆಯೆನ್ನದೆ ಮಂತ್ರವೆಂದು ಕರೆದರು. ಘೋಷಣೆಯನ್ನು ಕೂಗಿ ಮರೆಯಬಹುದು, ಮಂತ್ರವನ್ನು ಒಳಗೆ ಇಟ್ಟುಕೊಳ್ಳಬೇಕು. ಹಾಗಾದರೆ ಎರಡು ಭಾಷಣಗಳಿಗೆ ವ್ಯತ್ಯಾಸವಾದರೂ ಏನು?

ಮೊದಲನೆಯದು, ವಿರೋಧಿಸಿದವರನ್ನು ನಡೆಸಿಕೊಂಡ ರೀತಿ. ಆ ನಿರ್ಣಯಕ್ಕೆ ವಿರುದ್ಧವಾಗಿ ಹದಿಮೂರು ಮಂದಿ ಮತ ಹಾಕಿದ್ದರು. ಗೆದ್ದವರು ಸೋತವರನ್ನು ಅಣಕಿಸಲು ಇದಕ್ಕಿಂತ ಸುಲಭದ ಸಂದರ್ಭ ಬೇಕೇ? ಗಾಂಧೀಜಿ ಆರಂಭದಲ್ಲಿಯೇ ಆ ಹದಿಮೂರು ಮಂದಿಯನ್ನು ಅಭಿನಂದಿಸಿದರು. ನಮ್ಮ ಜಗಳ ಬ್ರಿಟಿಷ್ ಜನರೊಂದಿಗಲ್ಲ, ಸಾಮ್ರಾಜ್ಯಶಾಹಿಯೊಂದಿಗೆ ಎಂದೂ ಆ ಸಭೆಗೆ ಹೇಳಿದರು.

ಎರಡನೆಯದು, ಕಾವನ್ನು ತಾವೇ ಇಳಿಸಿದ್ದು. ಹೋರಾಟ ಈ ಕ್ಷಣವೇ ಆರಂಭವಾಗುವುದಿಲ್ಲ, ಮೊದಲು ವೈಸರಾಯರನ್ನು ಕಂಡು ಕೇಳಿಕೊಳ್ಳುತ್ತೇನೆ, ಅದಕ್ಕೆ ಎರಡು ಮೂರು ವಾರ ಬೇಕಾದೀತು ಎಂದರು. ಜನ ಕುದಿಯುತ್ತಿರುವಾಗ ಹೀಗೆ ಹೇಳುವ ಭಾಷಣಕಾರರು ಎಷ್ಟು ಮಂದಿ ಇದ್ದಾರು? ಆಮೇಲೆ ಪತ್ರಕರ್ತರು, ರಾಜರು, ಸರ್ಕಾರಿ ನೌಕರರು, ಸೈನಿಕರು, ವಿದ್ಯಾರ್ಥಿಗಳು ಎಂದು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಅವರವರ ಕೆಲಸವನ್ನು ಹೇಳಿದರು. ನನ್ನ ಮೈದಾನದಲ್ಲಿ ಕತ್ತಲು ಎಲ್ಲರನ್ನೂ ಒಂದು ಮುದ್ದೆ ಮಾಡಿತ್ತು. ಇಲ್ಲಿ ಮಾತು ಆ ಮುದ್ದೆಯನ್ನು ಬಿಡಿಸಿ ಒಬ್ಬೊಬ್ಬರನ್ನಾಗಿ ನಿಲ್ಲಿಸಿತು.

ಮೂರನೆಯದು ಬಹಳ ಚಿಕ್ಕದು, ಆದರೆ ಎಲ್ಲವೂ ಅದರಲ್ಲಿಯೇ ಇದೆ. ನಿಮಗೆಲ್ಲ ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ, ಗಮನಿಸಿ. 'ಮರೇಂಗೆ' ಎಂದರೆ ಸಾಯುತ್ತೇವೆ. ಅದಕ್ಕೊಂದು ದೀರ್ಘ ಕೊಟ್ಟು 'ಮಾರೇಂಗೆ' ಎಂದರೆ ಹೊಡೆಯುತ್ತೇವೆ, ಕೊಲ್ಲುತ್ತೇವೆ! ಪ್ರಾಸ ಕೆಡುವುದಿಲ್ಲ, ಚಪ್ಪಾಳೆಯೂ ಕಡಿಮೆಯಾಗದು. ಆ ಒಂದು ದೀರ್ಘದಷ್ಟೇ ಅಂತರ ನಾನು ಕೇಳಿದ ಭಾಷಣಕ್ಕೂ ಓದಿದ ಭಾಷಣಕ್ಕೂ. ಒಂದು, ಬೆಲೆಯನ್ನು ಹೇಳಿದವನೂ ಕೇಳಿದವನೂ ತೆರಬೇಕೆನ್ನುತ್ತದೆ. ಇನ್ನೊಂದು, ಅಲ್ಲಿಲ್ಲದ ಮೂರನೆಯವನಿಂದ ವಸೂಲಿ ಮಾಡುತ್ತದೆ. ಆ ಮೂರನೆಯವನು ಆಗ ಹೋಟೆಲಿನ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿರುತ್ತಾನೆ.

ಗಾಂಧೀಜಿ ಬೆಲೆ ತೆತ್ತರು. ಮರುದಿನ ಬೆಳಗಾಗುವ ಮೊದಲೇ ಬಂಧನವಾಯಿತು. ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಅದೇ ಆಗಸ್ಟ್ 15ರಂದು ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು; 1944ರ ಫೆಬ್ರವರಿ 22ರಂದು ಕಸ್ತೂರಬಾ. ಹಾಗೆಂದು ಆ ಭಾಷಣವೂ ಹೇಳಿದವರ ಹಿಡಿತದಲ್ಲಿ ಉಳಿಯಲಿಲ್ಲ. ನಾಯಕರೆಲ್ಲ ಜೈಲು ಸೇರಿದ ಮೇಲೆ ಹಲವೆಡೆ ಆ ದೀರ್ಘ ಬಂದು ಸೇರಿಕೊಂಡಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿದ ಹಳ್ಳಿ. ಅಲ್ಲಿನ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಎಷ್ಟು ಎಚ್ಚರದಿಂದ ಆಡಿದ ಮಾತೂ ಬಿಟ್ಟ ಬಾಣವೇ. ಹಾಗಿರುವಾಗ ಎಚ್ಚರವಿಲ್ಲದೆ ಆಡಿದ ಮಾತಿನ ಗತಿಯೇನು?

ಎಳೆಯ ಗೆಳೆಯರೇ, ನೀವು ಮೈದಾನಕ್ಕೆ ಹೋಗಬೇಕಾಗಿಯೇ ಇಲ್ಲ. ಭಾಷಣ ನಿಮ್ಮ ಅಂಗೈಯ ಮೊಬೈಲಿಗೇ ಬರುತ್ತದೆ, ಅದೂ ಅರ್ಧ ನಿಮಿಷದ ತುಂಡಾಗಿ, ಹಿನ್ನೆಲೆ ಸಂಗೀತದೊಂದಿಗೆ. ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ಒಮ್ಮೆ ಧ್ವನಿ ನಿಲ್ಲಿಸಿ ಬರಿ ಚಿತ್ರ ನೋಡಿ. ಕ್ಯಾಮೆರಾ ಕೆಳಗಿನಿಂದ ಹಿಡಿದು ಮನುಷ್ಯನನ್ನು ಎತ್ತರ ಮಾಡಿದೆಯೇ, ಹಿಂದೆ ಯಾವ ಚಿತ್ರ, ಯಾವ ಬಾವುಟ, ಜನರನ್ನು ತೋರಿಸುವುದು ಯಾವ ಮಾತಿಗೆ ಎಂದು ಗಮನಿಸಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಯಾವ ಪದ ಮತ್ತೆ ಮತ್ತೆ ಬರುತ್ತದೆ, ಎಲ್ಲಿ ಮೌನ, ಎಲ್ಲಿ ನಗು? ಕೊನೆಗೆ ಮಾತನ್ನು ಕಾಗದದ ಮೇಲೆ ಬರೆದು ಓದಿ. ದೀಪವೂ ಡೋಲೂ ಇಲ್ಲದೆ ಅದು ನಿಲ್ಲುತ್ತದೆಯೇ? 'ನಾವು' ಎಂಬ ಪದದೊಳಗೆ ಯಾರಿದ್ದಾರೆ, ಹೊರಗೆ ಯಾರು ನಿಂತಿದ್ದಾರೆ? ಈ ಮಾತು ನಿಜವಾದರೆ ಬೆಲೆ ತೆರುವವರು ಯಾರು?

ಇನ್ನು ಆ ಹುಡುಗಿಯ ಪ್ರಶ್ನೆ. ಅವಳ ಭಾಷಣ ಚೆನ್ನಾಗಿಯೇ ಇತ್ತು. ಧ್ವನಿ, ಧೈರ್ಯ ಎರಡೂ ಇದ್ದವು. ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ಮಾತ್ರ ಅವಳು ಉತ್ತರದಿಂದ ಬಂದ ಟ್ಯಾಕ್ಸಿಯವರ ಮಾತಿನ ಧಾಟಿಯನ್ನು ಅಣಕಿಸಿ, 'ಈ ಹೊರಗಿನವರಿಂದ ನಮ್ಮ ಮುಂಬಯಿ ಹೀಗಾಯಿತು' ಎಂದಾಗ. ನಾವೆಲ್ಲ ಕನ್ನಡಿಗರೇ ತುಂಬಿದ್ದ ಸಭಾಗೃಹ ಅದು. ಮುಂದಿನ ಸಾಲಿನಲ್ಲಿ ಹೋಟೆಲು ನಡೆಸಿದ ಹಿರಿಯರೂ ಇದ್ದರು. ಅವರೂ ನಕ್ಕರು. ನನ್ನ ಕೈಗಳೂ ಮೇಲೆದ್ದಿದ್ದವು.

ಮೊನ್ನೆ ಅವಳಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ನಿಮ್ಮ ಅಪ್ಪನ ಕೈ ಆಮೇಲೆ ವಾಸಿಯಾಯಿತಾ?" ಎಂದು ಕೇಳಿದಳು. ವಾಸಿಯಾಯಿತು, ಗೆರೆ ಉಳಿಯಿತು ಎಂದೆ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, "ಬರೆಯಿರಿ, ಹೆಸರು ಹಾಕಬೇಡಿ" ಎಂದಳು. ಮುಂದಿನ ವರ್ಷವೂ ಸ್ಪರ್ಧೆಗೆ ಹೆಸರು ಕೊಡುತ್ತಾಳಂತೆ. ತೀರ್ಪುಗಾರನಾಗಿ ಕರೆದರೆ ನಾನೂ ಹೋಗುತ್ತೇನೆ.