ಪ್ರತಿಯೂ ಪ್ರತಿರೂಪಕವೂ

"ಅಜ್ಜಾ, ಹಳೇ ಎಲಿ ಮತ್ತ ಅಚ್ಚ ಹಾಕಿದ್ರ ತಪ್ಪೇನು?" ರಜೆಯಲ್ಲಿ ಕೊಪ್ಪಳಕ್ಕೆ ಬಂದಿದ್ದ ಮೊಮ್ಮಗನ ಪ್ರಶ್ನೆಯಿದು. ಅವನು ಪಣವಿಲ್ಲದೆ ಆಡುವ 'ಮ್ಯಾಜಿಕ್' ಎಂಬ ಅಮೆರಿಕದ ಎಲೆಯಾಟದಲ್ಲಿ, 1995ರಲ್ಲಿ ವಿರಳವಾದ ಎಲೆಗಳನ್ನು ಮರುಮುದ್ರಿಸಲು ಸಂಗ್ರಾಹಕರು ಮುನಿದರು. 1996ರಲ್ಲಿ ತಯಾರಕರು, ಪಟ್ಟಿಯೊಂದನ್ನು ಕೊಟ್ಟು, ಇವನ್ನು ಇನ್ನು ಅಚ್ಚುಹಾಕೆವೆಂದು ಮಾತಿತ್ತರು.

ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಪ್ರತಿರೂಪಕ ವ್ಯವಹಾರವನ್ನು, ಎಂದರೆ ನಕಲನ್ನು ಅಸಲೆಂದು ಮಾರುವುದನ್ನು, ಪ್ರತಿ ಮಾಡುವುದನ್ನಲ್ಲ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳಲ್ಲವೇ? 1995ರ ಎಲೆಗಳಿಗೆ ಬಿಳಿಯ ಅಂಚು, ಮೂಲದವಕ್ಕೆ ಕಪ್ಪು. ಇದರಲ್ಲಿ ವಂಚನೆ ಕಾಣೆನು.

ಆದರೆ ಕೊಟ್ಟ ಮಾತನ್ನು ನಂಬಿ ಹಣ ಹೂಡಿದವನಿಗೆ ಏನೆನ್ನುವುದು? ಅಂಥ ಮಾತನ್ನು ಕೊಡಲೇಬಾರದಿತ್ತು, ಕೊಟ್ಟ ಮೇಲೆ ಮುರಿಯಬಾರದು ಎಂದೆನು. ಹುಡುಗನು ಒಪ್ಪಲಿಲ್ಲ. ಪಟ್ಟಿಯಲ್ಲಿದ್ದ ಒಂದೆಲೆಯೂ ಅವನಲ್ಲಿಲ್ಲ.